ಕೆಂಪು ಶಾಯಿಯಲ್ಲಿ ತಿದ್ದಿದ ದಿಗಿಲು

ಮೊದಲೇ ಹೇಳಿಬಿಡುತ್ತೇನೆ, ಈ ಕೆಲಸವನ್ನು ನಾನು ಒಪ್ಪಿಕೊಂಡದ್ದು ಜಂಬದಿಂದ. ಮೂಡಿಗೆರೆ ಬಸ್‌ಸ್ಟ್ಯಾಂಡಿನ ಹಿಂದೆ, ಗೊಬ್ಬರದ ಅಂಗಡಿಯ ಮಹಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಇಂಗ್ಲಿಷ್ ಹೇಳಿಕೊಡುತ್ತಿದ್ದೆ. ಪಿಯುಸಿ ಮಕ್ಕಳು, ಬ್ಯಾಂಕ್ ಪರೀಕ್ಷೆಯವರು, ಹೋಮ್‌ಸ್ಟೇ ನಡೆಸುವ ಹೆಂಗಸರು, ಇಷ್ಟೇ ನನ್ನ ಪ್ರಪಂಚ. ಹಾಗಿರುವಾಗ ಒಬ್ಬ ಎಸ್ಟೇಟ್ ಮಾಲೀಕರು ಮಹಡಿ ಹತ್ತಿ ಬಂದು, "ಮೇಡಂ, ವಿಯೆಟ್ನಾಮಿಂದ ಐದು ಜನ ಬಂದಿದ್ದಾರೆ, ನೀವೇ ಕಲಿಸ್ಬೇಕು" ಎಂದರೆ ತಲೆ ತಿರುಗದೆ ಇರುತ್ತದೆಯೇ? ಬೇರೆ ದೇಶದವರು ನನ್ನ ಶಿಷ್ಯರು! ಒಂದು ವಾರ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಬಂದ ಐವರೂ ತಮ್ಮ ಊರಿನಲ್ಲಿ ಕಾಫಿ, ಮೆಣಸು ಬೆಳೆಯುವವರೇ. ನಮ್ಮಲ್ಲಿ ಕಾಫಿಯ ನೆರಳಿನ ಮರಗಳಿಗೇ ಮೆಣಸಿನ ಬಳ್ಳಿ ಹಬ್ಬಿಸುತ್ತಾರಲ್ಲ, ಅದನ್ನು ಕೈಯಾರೆ ಮಾಡಿ ಕಲಿಯಲು ಮೂರು ತಿಂಗಳು ಇಲ್ಲಿದ್ದರು. ಬೆಳಿಗ್ಗೆಯಿಂದ ಆಳುಗಳ ಜೊತೆ ತೋಟದ ಕೆಲಸ, ಸಂಜೆ ಐದಕ್ಕೆ ನನ್ನ ಪಾಠ. ಎಸ್ಟೇಟ್ ಆಫೀಸಿನ ಪಕ್ಕದ ಖಾಲಿ ಗೋದಾಮಿನಲ್ಲಿ ಎರಡು ಬೆಂಚು, ಒಂದು ಕರಿಹಲಗೆ. ನನ್ನನ್ನು ಕರೆತರಲು ದಿನಾ ಜೀಪು ಬರುತ್ತಿತ್ತು, ಮುಕ್ಕಾಲು ಗಂಟೆ ದಾರಿ.

ಮೊದಲ ದಿನ ಮಾಲೀಕರು ನನಗೆ ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ. "ವ್ಯಾಕರಣ ಎಲ್ಲ ಆಮೇಲೆ ಮೇಡಂ. ಮೊದ್ಲು ನೋವು, ಭಯ, ಬೇಡ, ಈ ಮೂರು ಮಾತು ಅವ್ರ ಬಾಯಲ್ಲಿ ಬರ್ಬೇಕು. ಮೆಣಸಿನ ಕೊಯ್ಲು ಹತ್ರ ಬಂತು, ಏಣಿ ಕೆಲ್ಸ. ಯಾರಿಗಾದ್ರೂ ಎಂತಾದ್ರೂ ಆದ್ರೆ ಅವ್ರ ಮನೆಯವ್ರಿಗೆ ನಾನು ಯಾವ ಮುಖ ಇಟ್ಕೊಂಡು ಹೇಳ್ಲಿ?"

ನನಗೆ ಸ್ವಲ್ಪ ಉರಿಯಿತು. ಇಪ್ಪತ್ತೆರಡು ವರ್ಷದ ಅನುಭವಕ್ಕೆ ಮೂರು ಪದದ ಕೆಲಸವೇ? ಆ ಮೂರನ್ನು ಒಂದೇ ಸಂಜೆಯಲ್ಲಿ ಮುಗಿಸಿದೆ. ಕೈಸನ್ನೆ ಮಾಡಿ ತೋರಿಸಿದೆ, ಒಬ್ಬೊಬ್ಬರ ಬಾಯಲ್ಲೂ ಹತ್ತು ಸಲ ಹೇಳಿಸಿದೆ, ಆಯಿತು ಎಂದುಕೊಂಡೆ. ಮಾರನೆಯ ದಿನದಿಂದ ನನ್ನ ಪಾಠ, ನನ್ನ ರೀತಿ.

ನನ್ನ ರೀತಿ ಏನೆಂದರೆ ದಿನಕ್ಕೊಂದು ಪದ. ಹಲಗೆಯ ಮೇಲೆ ಪದ, ಅದರ ಅರ್ಥ, ಅದರ ಹಿಂದೆ ಮುಂದೆ ಯಾವ ಪದ ಬರಬೇಕು, ಯಾವುದು ಬರಬಾರದು, ಇಷ್ಟನ್ನು ಬರೆದು ವಿವರಿಸುತ್ತೇನೆ. ಆಮೇಲೆ ಪ್ರತಿಯೊಬ್ಬರೂ ಆ ಪದವನ್ನು ಬಳಸಿ ಮೂರು ವಾಕ್ಯ ಬರೆಯಬೇಕು. ಪುಸ್ತಕದಿಂದ ಕದ್ದದ್ದಲ್ಲ, ಸ್ವಂತ ಬದುಕಿನಿಂದ ತೆಗೆದ ವಾಕ್ಯ. ನೋಟ್‌ಬುಕ್ ನಾನು ಮನೆಗೆ ಒಯ್ದು ಕೆಂಪು ಪೆನ್ನಿನಲ್ಲಿ ತಿದ್ದಿ ಮಾರನೆಯ ದಿನ ಕೊಡುತ್ತೇನೆ. ತರಗತಿಯಲ್ಲಿ ಫೋನ್ ನಿಷೇಧ. ಫೋನಿನಲ್ಲಿ ಅನುವಾದ ನೋಡಿಕೊಂಡರೆ ನಾಲಿಗೆ ತಿರುಗುವುದಿಲ್ಲ ಎಂದು ಐದೂ ಫೋನುಗಳನ್ನು ಒಂದು ಡಬ್ಬಿಯಲ್ಲಿ ಹಾಕಿಸಿಬಿಡುತ್ತಿದ್ದೆ. ತೋಟದೊಳಗೆ ಹೇಗೂ ಸಿಗ್ನಲ್ ಸಿಗುವುದಿಲ್ಲ.

ಐವರಲ್ಲಿ ಒಬ್ಬನಿಗೆ ನಲವತ್ತರ ಹತ್ತಿರ, ಉಳಿದ ನಾಲ್ವರು ಇಪ್ಪತ್ತೈದರ ಆಸುಪಾಸಿನವರು. ಆ ಹಿರಿಯನನ್ನು ಎಲ್ಲರೂ ‘ಆನ್’ ಎಂದು ಕರೆಯುತ್ತಿದ್ದರು. ನಾನೂ ಹತ್ತು ದಿನ ಹಾಜರಿ ಕರೆಯುವಾಗ ಆನ್ ಎಂದೇ ಕೂಗಿದೆ. ಆಮೇಲೆ ಗೊತ್ತಾಯಿತು, ಅದು ಹೆಸರಲ್ಲ, ಅವರ ಭಾಷೆಯಲ್ಲಿ ‘ಅಣ್ಣ’ ಎಂದರ್ಥ! ಐವತ್ತಮೂರು ವರ್ಷದ ನಾನು ಅವನನ್ನು ಅಣ್ಣಾ ಅಣ್ಣಾ ಎನ್ನುತ್ತಿದ್ದೆನಲ್ಲ, ಗೋದಾಮು ಹಾರಿಹೋಗುವ ಹಾಗೆ ನಕ್ಕರು. ಇಲ್ಲಿಯೂ ಅವನನ್ನು ಅಣ್ಣ ಎಂದೇ ಬರೆಯುತ್ತೇನೆ. ಮಾತು ಕಡಿಮೆ, ಕೈ ಚುರುಕು. ನಾಲ್ವರೂ ಅವನ ಮುಖ ನೋಡಿಯೇ ಹೂಂ ಅಥವಾ ಉಹೂಂ ಎನ್ನುತ್ತಿದ್ದರು. ಅವನು ಮಾಡಿದ್ದನ್ನೇ ಇವರೂ ಮಾಡುತ್ತಿದ್ದರು.

ಮೆಣಸಿನ ಕೊಯ್ಲು ಶುರುವಾಯಿತು. ಅವರ ಊರಿನಲ್ಲಿ ಬಳ್ಳಿಯನ್ನು ಕಂಬಕ್ಕೆ ಹಬ್ಬಿಸುತ್ತಾರಂತೆ, ಗಿಡ್ಡ ಏಣಿಯಲ್ಲಿ ಕೊಯ್ಲು ಮುಗಿಯುತ್ತದೆ. ನಮ್ಮಲ್ಲಿ ಸಿಲ್ವರ್ ಓಕ್ ಮರ ಎಷ್ಟೆತ್ತರವೋ ಬಳ್ಳಿಯೂ ಅಷ್ಟೆತ್ತರ. ಹತ್ತುವುದು ಒಂಟಿ ಏಣಿಯಲ್ಲಿ, ಅಂದರೆ ಒಂದೇ ಒಂದು ಉದ್ದ ಬಿದಿರು. ಗೆಣ್ಣಿನಲ್ಲಿ ಮೂಡಿದ ಕವಲನ್ನು ಗೇಣುದ್ದಕ್ಕೆ ಕಡಿದು ಬಿಟ್ಟಿರುತ್ತಾರೆ, ಅದೇ ಮೆಟ್ಟಿಲು. ಬಿದಿರನ್ನು ಮರಕ್ಕೆ ಹಗ್ಗದಿಂದ ಬಿಗಿದು, ಸೊಂಟಕ್ಕೆ ಚೀಲ ಕಟ್ಟಿಕೊಂಡು, ಒಂದು ಕೈಯಲ್ಲಿ ಬಿದಿರು ಹಿಡಿದು ಇನ್ನೊಂದು ಕೈಯಲ್ಲಿ ಕೊಯ್ಯಬೇಕು. ನೋಡಿದರೇ ನನ್ನ ಅಂಗಾಲು ಜುಮ್ಮೆನ್ನುತ್ತಿತ್ತು. ಆದರೂ ಜೀಪಿನಿಂದ ಇಳಿದು ನೋಡಿ, ಅಬ್ಬಾ ಎಂದು ಹೇಳಿ, ಗೋದಾಮಿನ ಒಳಗೆ ಹೋಗಿ ಪಾಠ ಶುರು ಮಾಡುತ್ತಿದ್ದೆ.

ಆ ವಾರದ ಗುರುವಾರ ನಾನು ಆರಿಸಿದ ಪದ ‘ಡ್ರೆಡ್’. ಭಯಕ್ಕೆ ಇಂಗ್ಲಿಷಿನಲ್ಲಿ ಹತ್ತಾರು ಪದಗಳು. ಅವರ ಭಾಷೆಯಲ್ಲಿ ಸಾಮಾನ್ಯವಾಗಿ ಎಲ್ಲಕ್ಕೂ ಒಂದೇ, ಹಲ್ಲಿನ ಸಂದಿಯಲ್ಲಿ ಹುಟ್ಟಿ ಗಂಟಲಲ್ಲಿ ನಿಂತುಬಿಡುವ ಒಂದು ಚಿಕ್ಕ ಪದ. ಅಣ್ಣ ಅದನ್ನು ಉಚ್ಚರಿಸಿ ತೋರಿಸಿದ, ನನಗೆ ಬರಲಿಲ್ಲ. ಅದಕ್ಕೇ ಹಲಗೆಯ ಮೇಲೆ ಪಟ್ಟಿ ಬರೆದೆ. ನಾಯಿ ಮೈಮೇಲೆ ಬಂದಾಗ ಆಗುವುದು ‘ಸ್ಕೇರ್ಡ್’. ಮೈಯೆಲ್ಲ ನಡುಗಿ ಮಾತೇ ಹೊರಡದಿದ್ದರೆ ‘ಟೆರಿಫೈಡ್’. ಆದರೆ ‘ಡ್ರೆಡ್’ ಹಾಗಲ್ಲ. ಇನ್ನೂ ಬಾರದೇ ಇರುವುದರ, ಬಂದೇ ಬರುತ್ತದೆ ಎಂದು ಗೊತ್ತಿರುವುದರ ಭಯ. ಪರೀಕ್ಷೆಯ ಹಿಂದಿನ ದಿನ ಹೊಟ್ಟೆಯಲ್ಲಿ ಆಗುವುದು. ಕನ್ನಡದಲ್ಲಿ ನಾವು ದಿಗಿಲು ಎನ್ನುತ್ತೇವಲ್ಲ, ಹೆಚ್ಚುಕಡಿಮೆ ಅದೇ. ಅದರ ಮುಂದೆ ನೇರವಾಗಿ ವಸ್ತುವಿನ ಹೆಸರು ಬರಬೇಕು, ನಡುವೆ ‘ಆಫ್’, ‘ಟು’ ಎಂಬಂಥ ಯಾವ ಪುಡಿ ಪದವೂ ಬೇಡ ಎಂದು ಎರಡು ಸಲ ಗೆರೆ ಎಳೆದು ಹೇಳಿದೆ. ಎಷ್ಟು ಚೆನ್ನಾಗಿ ವಿವರಿಸಿದೆನೆಂದರೆ ಜೀಪಿನಲ್ಲಿ ವಾಪಸು ಬರುವಾಗ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಮನೆಯಲ್ಲಿ ನೋಟ್‌ಬುಕ್ ತಿದ್ದಲು ಕೂತೆ. ಒಬ್ಬನಿಗೆ ಅತ್ತೆಯ ಫೋನಿನ ದಿಗಿಲು, ಇನ್ನೊಬ್ಬನಿಗೆ ಇಲ್ಲಿಯ ಜಿಗಣೆಯ ದಿಗಿಲು. ನಕ್ಕೆ. ಅಣ್ಣನ ಪುಟ ಬಂತು. ಅವನು ಬರೆದಿದ್ದ ಮೂರು ವಾಕ್ಯಗಳನ್ನು ಕನ್ನಡದಲ್ಲಿ ಹೇಳಿದರೆ ಹೀಗಾಗುತ್ತದೆ: ನನಗೆ ಏಣಿಯ ದಿಗಿಲು. ಬೆಳಿಗ್ಗೆ ಬೂಟು ಹಾಕುವಾಗಲೇ ದಿಗಿಲು ಶುರು. ಮೇಲೆ ಹೋದರೆ ನನ್ನ ಕಾಲು ನನ್ನ ಕಾಲಲ್ಲ.

ನಾನು ಏನು ಮಾಡಿದೆ? ಮೊದಲ ವಾಕ್ಯದಲ್ಲಿ ನಾನು ಬೇಡವೆಂದಿದ್ದ ಪುಡಿ ಪದ ನುಸುಳಿತ್ತು, ಅದನ್ನು ಹೊಡೆದು ಹಾಕಿದೆ. ಎರಡನೆಯದರಲ್ಲಿ ಬೂಟು ‘ಹಾಕಿಕೊಳ್ಳುವುದು’ ಮತ್ತು ‘ತೊಟ್ಟಿರುವುದು’ ಎರಡಕ್ಕೂ ಇಂಗ್ಲಿಷಿನಲ್ಲಿ ಬೇರೆ ಪದ ಎಂದು ಬದಿಯಲ್ಲಿ ಬರೆದೆ. ಮೂರನೆಯದಕ್ಕೆ ಅಡಿಗೆರೆ ಎಳೆದು ‘ಕಾವ್ಯಮಯ!’ ಎಂದು ಬರೆದೆ. ಹತ್ತಕ್ಕೆ ಎಂಟು. ಕೆಳಗೆ ‘ವೆರಿ ಗುಡ್’. ಮುಂದಿನ ಪುಸ್ತಕ ತೆಗೆದುಕೊಂಡೆ.

ಅಷ್ಟಕ್ಕೇ ಬಿಟ್ಟಿದ್ದರೂ ಆಗಿತ್ತು. ಶುಕ್ರವಾರ ಪುಸ್ತಕ ಹಂಚುವಾಗ, ಮಾದರಿ ವಾಕ್ಯವೆಂದು ಆ ಮೂರನ್ನೂ ಗಟ್ಟಿಯಾಗಿ ಓದಿದೆ. ಯಾರದೆಂದು ಹೇಳಲಿಲ್ಲ. ಹೇಳುವುದೇನು, ಕೈಯಲ್ಲಿದ್ದ ಪುಸ್ತಕದ ರಟ್ಟು ನೋಡಿದರೆ ಎಲ್ಲರಿಗೂ ಗೊತ್ತು. "ಚಪ್ಪಾಳೆ!" ಎಂದೆ. ನಾಲ್ವರೂ ಅಣ್ಣನ ಕಡೆ ಒಮ್ಮೆ ನೋಡಿ, ಆಮೇಲೆ ನನ್ನ ಕಡೆ ನೋಡಿ, ಮೆಲ್ಲಗೆ ಚಪ್ಪಾಳೆ ತಟ್ಟಿದರು. ಅಣ್ಣ ಎದ್ದು ನಿಂತು ಎರಡೂ ಕೈ ಚಾಚಿ ಪುಸ್ತಕ ತೆಗೆದುಕೊಂಡ. ಅವರಲ್ಲಿ ಹಿರಿಯರ ಕೈಯಿಂದ ಏನನ್ನಾದರೂ ತೆಗೆದುಕೊಳ್ಳುವುದು ಹಾಗೇ. ಅವನು ನಕ್ಕ ಎಂದೇ ನನಗೆ ನೆನಪು.

ಮುಂದಿನ ಬುಧವಾರ ಮಧ್ಯಾಹ್ನ ಜೀಪಿನ ಡ್ರೈವರ್ ಫೋನ್ ಮಾಡಿದ. "ಮೇಡಂ, ಇವತ್ತು ಕ್ಲಾಸಿಲ್ಲ. ಆ ದೊಡ್ಡವ್ರು ಏಣಿಯಿಂದ ಬಿದ್ಬಿಟ್ಟಿದ್ದಾರೆ. ಚಿಕ್ಕಮಗಳೂರಿಗೆ ಕರ್ಕೊಂಡು ಹೋದ್ರು." ಜೀವಕ್ಕೇನೂ ಅಪಾಯವಿಲ್ಲ, ತೊಡೆಯ ಮೂಳೆ ಮುರಿದಿದೆ, ಆಪರೇಷನ್ ಮಾಡುತ್ತಾರಂತೆ ಎಂದ. ಅಯ್ಯೋ ಪಾಪ ಎಂದೆ. ಅಷ್ಟು ಹೊತ್ತಿಗೂ ಆ ಪುಟ ನನಗೆ ನೆನಪಾಗಲಿಲ್ಲ, ನಂಬಿ. ಕೈಲಾಗದ ಕೆಲಸವನ್ನು ಹೊರಗಿನವರಿಗೆ ಯಾಕೆ ಕೊಟ್ಟರು ಎಂದು ಎಸ್ಟೇಟಿನವರ ಮೇಲೇ ಸಿಟ್ಟು ಮಾಡಿಕೊಂಡೆ.

ಗುರುವಾರ ಉಳಿದ ನಾಲ್ವರನ್ನು ಮಾತಾಡಿಸಲು ಹೋದೆ. ಆಫೀಸಿನ ಮುಂದೆ ಮಾಲೀಕರು ಮೇಸ್ತ್ರಿಯನ್ನು ನಿಲ್ಲಿಸಿಕೊಂಡು ಬಯ್ಯುತ್ತಿದ್ದರು. ಈ ಮೇಸ್ತ್ರಿ ಕೊಯ್ಲಿನ ಆಳುಗಳ ಮೇಲ್ವಿಚಾರಕ, ಅದೇ ತೋಟದಲ್ಲಿ ಕೂದಲು ಬೆಳ್ಳಗಾದವರು.

"ಎಂತ ಮಾರಾಯ ನೀನು! ಹೊಸಬ್ರನ್ನ ಅಷ್ಟೆತ್ತರ ಹತ್ತಿಸ್ತಾರಾ? ಕಣ್ಣಿಲ್ವಾ ನಿಂಗೆ?"

"ನಾನು ಹತ್ತಿಸ್ಲಿಲ್ಲ ಸಾವ್ಕಾರ್ರೆ. ದಿನಾ ಕೇಳ್ದಂಗೆ ಕೇಳ್ದೆ. ಅವ್ರು ಹಿಂದೆ ಹೆಜ್ಜೆ ಇಡ್ಲಿಲ್ಲ."

"ಮಾತಿಗೆ ಮಾತು ಬೇಡ. ನಾಳೆಯಿಂದ ನೀನು ಕೊಯ್ಲಿಗೆ ಬರ್ಬೇಡ. ಮುಂದೆ ನೋಡಣ."

ಮಾಲೀಕರು ಒಳಗೆ ಹೋದ ಮೇಲೆ, ಹಿಂದೆ ಹೆಜ್ಜೆ ಇಡುವುದು ಎಂದರೇನು ಎಂದು ಮೇಸ್ತ್ರಿಯನ್ನು ಕೇಳಿದೆ. ಅವರು ಹೇಳಿದ್ದು ಇಷ್ಟು. ಕೊಯ್ಲಿನ ದಿನಗಳಲ್ಲಿ ಬೆಳಿಗ್ಗೆ ಏಣಿ, ಹಗ್ಗ ಎಲ್ಲ ನೆಲದ ಮೇಲೆ ಇಡುತ್ತಾರೆ. ಹಂಚುವ ಮೊದಲು ಮೇಸ್ತ್ರಿ ಯಾರ ಮುಖವನ್ನೂ ನೋಡದೆ, ನೆಲ ನೋಡಿಕೊಂಡು, "ಕೆಳಗಿನ ಕೆಲ್ಸಕ್ಕೆ ಯಾರು?" ಎಂದು ಕೇಳುತ್ತಾರೆ. ಅವತ್ತು ಹತ್ತಲು ಧೈರ್ಯ ಸಾಲದವರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಅವರಿಗೆ ಟಾರ್ಪಾಲು ಹಾಸುವುದು, ಉದುರಿದ ಮೆಣಸು ಆರಿಸುವುದು. ಯಾಕೆ ಎಂದು ಕೇಳುವಂತಿಲ್ಲ, ತಮಾಷೆ ಮಾಡುವಂತಿಲ್ಲ, ಕೂಲಿಯೂ ಅಷ್ಟೇ. ಮೇಸ್ತ್ರಿಯ ತಂದೆಯ ಕಾಲದಿಂದ ಬಂದ ಪದ್ಧತಿಯಂತೆ.

"ಗಂಡಸ್ರು ಬಾಯಿ ಬಿಟ್ಟು ಭಯ ಅನ್ನಲ್ಲ ಮೇಡಂ. ಅದಕ್ಕೇ ಕಾಲಲ್ಲಿ ಹೇಳ್ಲಿ ಅಂತ. ಭಯ ಇದ್ದೋನ್ನ ಮರ ಹತ್ತಿಸ್ಬಾರ್ದು."

"ಇವರಿಗೆ ಆ ಪದ್ಧತಿ ಯಾರಾದ್ರೂ ಹೇಳಿದ್ರಾ?"

ಮೇಸ್ತ್ರಿ, "ಹೇಳೋದು ಎಂತದು ಮೇಡಂ, ನಮ್ಮಲ್ಲಿ ಎಲ್ರಿಗೂ ಗೊತ್ತಿರೋದು... ಅವ್ರಿಗೆ ಗೊತ್ತಿಲ್ಲ ಅಂತ ಹೊಳೀಲೇ ಇಲ್ಲ. ಆದ್ರೂ ಭಯ ಆಗಿದ್ರೆ ಯಾರ ಹತ್ರನಾದ್ರೂ ಒಂದ್ ಮಾತು ಹೇಳ್ಬೋದಿತ್ತಲ್ಲ?" ಎಂದರು.

ಆಗ ನೆನಪಾಯಿತು. ಗೋದಾಮಿಗೆ ಓಡಿದೆ. ಮಂಗಳವಾರ ನಾನು ಒಯ್ಯದೆ ಬಿಟ್ಟಿದ್ದ ನೋಟ್‌ಬುಕ್‌ಗಳು ಬೆಂಚಿನ ಮೇಲೇ ಇದ್ದವು. ಅಣ್ಣನ ಪುಸ್ತಕ ತೆರೆದರೆ ಆ ಪುಟ. ಅವನ ನೀಲಿ ಅಕ್ಷರದ ಮೇಲೆಲ್ಲ ನನ್ನ ಕೆಂಪು ಗೀಚು, ಕೆಳಗೆ ನನ್ನ ವೆರಿ ಗುಡ್. ಹೇಳಿದ್ದ ಕಣ್ರೀ, ಅವನು ಹೇಳಿದ್ದ! ಒಂದಲ್ಲ, ಮೂರು ವಾಕ್ಯದಲ್ಲಿ, ಯಾವಾಗ ಶುರುವಾಗುತ್ತದೆ, ಎಲ್ಲಿ ಆಗುತ್ತದೆ ಎಂಬುದನ್ನೂ ಸೇರಿಸಿ ಹೇಳಿದ್ದ. ಮಾಲೀಕರು ನನ್ನನ್ನು ಕರೆಸಿದ್ದು ಈ ಒಂದು ಮಾತು ಕೇಳಿಸಿಕೊಳ್ಳಲು. ನಾನು ಕಣ್ಣಿದ್ದೂ ಕುರುಡಿಯಾಗಿ ಅದಕ್ಕೆ ಅಂಕ ಹಾಕಿ ಕಳಿಸಿದ್ದೆ.

ಇನ್ನೊಂದನ್ನೂ ಬರೆಯಬೇಕು, ಬರೆಯಲು ನಾಚಿಕೆಯಾಗುತ್ತದೆ. ಆ ಪುಸ್ತಕವನ್ನು ನನ್ನ ಚೀಲದಲ್ಲಿ ಹಾಕಿಕೊಂಡು ಮೂಡಿಗೆರೆಗೆ ಬಂದುಬಿಟ್ಟೆ. ಯಾರಿಗೂ ಹೇಳಲಿಲ್ಲ. ಗುರುವಾರ ಹೇಳಲಿಲ್ಲ, ಶುಕ್ರವಾರವೂ ಹೇಳಲಿಲ್ಲ. ಊರಿನಲ್ಲಿ ಹೆಸರು ಹೋಗುತ್ತದೆ ಎಂಬ ಭಯ. ಪಾಠ ಹೇಳುವವಳ ಕೆಲಸ ಭಾಷೆ ತಿದ್ದುವುದು, ತೋಟ ನೋಡಿಕೊಳ್ಳುವುದಲ್ಲ ಎಂದು ನನಗೆ ನಾನೇ ವಾದ ಮಾಡಿಕೊಂಡೆ. ಚೀಲ ಕುರ್ಚಿಯ ಮೇಲಿತ್ತು, ಆ ಕಡೆ ನೋಡದೆ ಅಡುಗೆ ಮಾಡಿದೆ.

ಶನಿವಾರ ಬೆಳಿಗ್ಗೆ ಪೇಟೆಯಲ್ಲಿ ಮೇಸ್ತ್ರಿ ಕಂಡರು. ಕೊಯ್ಲಿನ ಕಾಲದಲ್ಲಿ ಅವರು ಪೇಟೆಯಲ್ಲಿ ಕಂಡದ್ದೇ ಇಲ್ಲ. ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೈಕಟ್ಟಿ ಕೂತಿದ್ದರು. ನನ್ನನ್ನು ಕಂಡು ಎದ್ದು ನಿಂತು, "ಆ ಅಣ್ಣಂಗೆ ಹೇಗಿದೆ ಮೇಡಂ? ನಂಗೆ ಆಸ್ಪತ್ರೆಗೆ ಹೋಗಕ್ಕೆ ಮುಖ ಇಲ್ಲ" ಎಂದರು. ಇನ್ನು ಬಾಯಿ ಮುಚ್ಚಿಕೊಂಡಿರಲು ನನ್ನಿಂದ ಆಗಲಿಲ್ಲ. "ಬನ್ನಿ, ಜೀಪು ಹತ್ತಿ" ಎಂದೆ. ಇಬ್ಬರೂ ಬಾಡಿಗೆ ಜೀಪು ಮಾಡಿಕೊಂಡು ಎಸ್ಟೇಟಿಗೆ ಹೋದೆವು. ದಾರಿಯಲ್ಲಿ ಏನೂ ಹೇಳಲಿಲ್ಲ. ಮಾಲೀಕರ ಎದುರಿಗೆ ಒಂದೇ ಸಲ ಹೇಳಿ ಮುಗಿಸಬೇಕು, ಎರಡು ಸಲ ಹೇಳುವ ಧೈರ್ಯ ನನಗಿರಲಿಲ್ಲ.

ಮಾಲೀಕರ ಮೇಜಿನ ಮೇಲೆ ಪುಸ್ತಕ ಬಿಚ್ಚಿಟ್ಟೆ. ಅವರು ಓದಿದರು. ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ಓದಿದರು. "ಇದು ಯಾವತ್ತು ಬರ್ದಿದ್ದು ಮೇಡಂ?" ಎಂದು ಕೇಳಿದರು.

"ಬೀಳೋಕೆ ಆರು ದಿನ ಮುಂಚೆ."

"ನೀವು ನೋಡಿದ್ರಾ?"

"ತಿದ್ದಿದೀನಲ್ಲ ಸರ್. ನೋಡದೆ ಹೇಗೆ ತಿದ್ತೀನಿ?"

ನನ್ನ ಮಾತು ನನಗೇ ಅಸಹ್ಯವಾಗಿ ಕೇಳಿಸಿತು. ಮೇಸ್ತ್ರಿಗೆ ಪುಸ್ತಕದಲ್ಲಿ ಏನಿದೆ ಎಂದು ಕನ್ನಡದಲ್ಲಿ ಹೇಳಿದೆ. ಅವರು ಅಡಿಗೆರೆಯ ಮೇಲೆ ಬೆರಳಿಟ್ಟು, ಈ ಕೆಂಪು ಎಂತದು ಎಂದು ಕೇಳಿದರು. ಅದನ್ನೂ ಹೇಳಿದೆ. ಬಯ್ಯುತ್ತಾರೆ ಎಂದುಕೊಂಡಿದ್ದೆ, ಬಯ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

"ನಾನು ಓದಕ್ಕೆ ಬರದೋನು ಮೇಡಂ. ಆದ್ರೆ ‘ಅವ್ನಿಗೆ ಭಯ ಅಂತೆ’ ಅಂತ ಯಾರಾದ್ರೂ ಒಂದ್ ಮಾತು ಹೇಳಿದ್ರೆ ಸಾಕಿತ್ತು, ಏಣಿ ಮುಟ್ಟಕ್ಕೂ ಬಿಡ್ತಿರ್ಲಿಲ್ಲ. ನೀವು ದಿನಾ ನನ್ನೆದ್ರಿಗೇ ಜೀಪಿಂದ ಇಳೀತಿದ್ರಿ."

ಮಾಲೀಕರು ಮೇಸ್ತ್ರಿಯನ್ನು ಸೋಮವಾರದಿಂದ ಬರಲು ಹೇಳಿದರು. ಕ್ಷಮೆ ಕೇಳಲಿಲ್ಲ, ಆದರೆ ತಾವೇ ಕಾಫಿ ತರಿಸಿ ಅವರ ಕೈಗೆ ಕೊಟ್ಟರು. ನನಗೆ ಹೇಳಿದ್ದು ಒಂದೇ ಮಾತು, "ನಾನು ಮೂರೇ ಪದ ಕೇಳಿದ್ದೆ ಮೇಡಂ." ಆ ಸೋಮವಾರ ಬೆಳಿಗ್ಗೆ ನಾನೇ ತೋಟಕ್ಕೆ ಹೋಗಿ, ಮೇಸ್ತ್ರಿಯ ಪಕ್ಕದಲ್ಲಿ ನಿಂತು, ಹಿಂದೆ ಹೆಜ್ಜೆ ಇಡುವುದು ಎಂದರೆ ಏನೆಂದು ಉಳಿದ ನಾಲ್ವರಿಗೆ ಇಂಗ್ಲಿಷಿನಲ್ಲಿ ಹೇಳಿಯೂ, ಮನೆಯಲ್ಲೇ ಫೋನಿನಲ್ಲಿ ಅನುವಾದ ಮಾಡಿಟ್ಟುಕೊಂಡದ್ದನ್ನು ತೋರಿಸಿಯೂ ತಿಳಿಸಿದೆ. ನಾಲ್ವರಲ್ಲಿ ಮೂವರು ಅಲ್ಲೇ ಒಂದು ಹೆಜ್ಜೆ ಹಿಂದಕ್ಕೆ ಸರಿದರು. ಅಷ್ಟು ದಿನವೂ ಅವರಿಗೆ ಭಯವಿತ್ತು, ಅಣ್ಣ ಹತ್ತುತ್ತಿದ್ದನೆಂದು ಅವರೂ ಹತ್ತುತ್ತಿದ್ದರು.

ಮಂಗಳವಾರ ಆಸ್ಪತ್ರೆಗೆ ಹೋದೆ. ಅಣ್ಣನ ತೊಡೆಗೆ ರಾಡ್ ಹಾಕಿದ್ದರು. ಇನ್ನು ಮೂರು ವಾರಕ್ಕೆ ಊರಿಗೆ ಕಳಿಸುವುದೆಂದು ತೀರ್ಮಾನವಾಗಿತ್ತು, ಅವನ ತರಬೇತಿ ಅಲ್ಲಿಗೆ ಮುಗಿದಿತ್ತು. ನನ್ನನ್ನು ಕಂಡು ಏಳಲು ಹೋದ, ಬೇಡ ಬೇಡ ಎಂದು ತಡೆದೆ. ಕಿತ್ತಳೆ ಸುಲಿದು ಕೊಟ್ಟೆ. ಎರಡೂ ಕೈ ಚಾಚಲು ಆಗಲಿಲ್ಲ, ಒಂದು ಕೈಗೆ ಡ್ರಿಪ್ ಹಾಕಿದ್ದರು, ಅದಕ್ಕೆ ಬೇಸರ ಮಾಡಿಕೊಂಡ. ಕ್ಷಮಿಸು ಎಂದು ಹೇಳಲು ಮನೆಯಿಂದಲೇ ವಾಕ್ಯ ಕಟ್ಟಿಕೊಂಡು ಹೋಗಿದ್ದೆ. ಅದರ ಬದಲು ಬಾಯಿಂದ ಬಂದದ್ದು ಪ್ರಶ್ನೆ. ಅಷ್ಟು ದಿಗಿಲಿದ್ದರೂ ಯಾಕೆ ಹತ್ತಿದೆ, ಮೇಸ್ತ್ರಿಗೋ ಮಾಲೀಕರಿಗೋ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

ಅವನು ನಿಧಾನವಾಗಿ, ತನಗೆ ಬರುವ ಇಂಗ್ಲಿಷಿನಲ್ಲಿ ಹೇಳಿದ. ಶನಿವಾರ ಶನಿವಾರ ಪಾಠಕ್ಕೆ ಮೊದಲು ನಾನು ಮಾಲೀಕರ ಜಗುಲಿಯಲ್ಲಿ ಕೂತು ಟೀ ಕುಡಿಯುತ್ತಿದ್ದೆ, ನೋಟ್‌ಬುಕ್ ಎಲ್ಲ ಟೀಪಾಯಿಯ ಮೇಲಿರುತ್ತಿದ್ದವು. ಅವನು ದೂರದಿಂದ ನೋಡುತ್ತಿದ್ದನಂತೆ. ಟೀಚರ್ ಓದಿದ್ದಾರೆ, ಮಾಲೀಕರಿಗೆ ಹೇಳಿದ್ದಾರೆ ಎಂದುಕೊಂಡನಂತೆ. ಸೋಮವಾರ ಬೆಳಿಗ್ಗೆ ಮತ್ತೆ ಹಗ್ಗ ಕೈಗೆ ಬಂತು.

"ನಿಮಗೆಲ್ಲ ಗೊತ್ತು ಅಂದುಕೊಂಡೆ. ಗೊತ್ತಿದ್ದೂ ಹತ್ತಿಸ್ತಿದ್ದೀರಿ ಅಂದುಕೊಂಡೆ. ಇಲ್ಲಿಯ ಜನ ತುಂಬಾ ಗಟ್ಟಿ, ನಾನೂ ಗಟ್ಟಿಯಾಗಬೇಕು ಅಂದುಕೊಂಡು ಹತ್ತಿದೆ."

ಅವನ ದನಿಯಲ್ಲಿ ದೂರು ಇರಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ, ಸೆರಗಿನಲ್ಲಿ ಮುಖ ಒರೆಸಿಕೊಂಡೆ. ಇಲ್ಲ, ಮಾಲೀಕರಿಗೆ ಗೊತ್ತಿರಲಿಲ್ಲ, ಮೇಸ್ತ್ರಿಗೂ ಗೊತ್ತಿರಲಿಲ್ಲ ಎಂದೆ. ಓದಿದ್ದು ನಾನೊಬ್ಬಳೇ, ಆದರೆ ನನಗೂ ಗೊತ್ತಾಗಲಿಲ್ಲ ಎಂದೆ.

ಅವನು ಹುಬ್ಬು ಗಂಟಿಕ್ಕಿದ. ತರಗತಿಯಲ್ಲಿ ಸಂದೇಹ ಬಂದರೆ ಕೈ ಎತ್ತುತ್ತಿದ್ದನಲ್ಲ, ಡ್ರಿಪ್ ಇಲ್ಲದ ಕೈಯನ್ನು ಹಾಗೇ ಸ್ವಲ್ಪ ಎತ್ತಿದ.

"ಟೀಚರ್ ಓದಿದ್ದಾರೆ. ಆದರೆ ಟೀಚರ್‌ಗೆ ಗೊತ್ತಾಗಲಿಲ್ಲ. ಅದು ಹೇಗೆ?"

ಚುಚ್ಚಲು ಕೇಳಿದ್ದಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದ, ಉತ್ತರಕ್ಕಾಗಿ ಕಾದ. ಇಪ್ಪತ್ತೆರಡು ವರ್ಷದಲ್ಲಿ ಒಬ್ಬ ವಿದ್ಯಾರ್ಥಿ ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ನಾನು ಎದ್ದು ಬಂದದ್ದು ಅದೊಂದೇ ಸಲ.